ಹೇಳಿಕೊಡದ ಭಾಗಾಕಾರ

ಆ ಹುಡುಗಿಯ ಸುದ್ದಿ ಎತ್ತಿದರೆ ಡ್ರೆಸ್ಸರಣ್ಣನಿಗೆ ಇವತ್ತಿಗೂ ಮೈ ಉರಿಯುತ್ತದೆ. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಗಾಯಕ್ಕೆ ಪಟ್ಟಿ ಕಟ್ಟಿದವನಿಗೆ ವೈದ್ಯಕೀಯ ಸಹಾಯಕನಾಗುವ ಆಸೆ. ತರಬೇತಿಗೆ ಸೇರಲು ಔಷಧಿಯ ಪ್ರಮಾಣ ಲೆಕ್ಕ ಹಾಕುವ ಪರೀಕ್ಷೆ ಬರೆಯಬೇಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಭಾಗಾಕಾರವೇ ಬಾರದು. ಆಗಲೇ ಆ ತರಬೇತಿಯಲ್ಲಿದ್ದ ಈ ಹುಡುಗಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು, ರಕ್ತ ತೆಗೆಯಲು ಸೂಜಿ ಚುಚ್ಚಿದರೆ ಮಾತ್ರ ನರವೇ ಸಿಗದು.

"ಅಣ್ಣಾ, ನರ ಹುಡುಕೋದು ಹೇಳ್ಕೊಡಿ. ನಿಮಗೆ ನಾನು ಲೆಕ್ಕ ಹೇಳ್ಕೊಡ್ತೀನಿ."

"ಕಣ್ಣಲ್ಲಲ್ಲಮ್ಮ, ಬೆರಳಲ್ಲಿ ಹುಡುಕು," ಎಂದು ತನ್ನ ತೋಳನ್ನೇ ಚಾಚಿದ. ಒಂಬತ್ತು ಸಲ ಚುಚ್ಚಿದಳು. "ಇದೇನು ತೋಳಾ, ಜರಡಿನಾ?" ಎಂದು ರೇಗಿದ. ಹತ್ತನೆಯ ಸಲ ಸಿರಿಂಜಿಗೆ ರಕ್ತ ಬಂತು.

ಅವಳು ತರಬೇತಿ ಮುಗಿಸಿ ಪಾಸಾದಳು. ಇವನು ನೋಟ್‌ಬುಕ್ ಹಿಡಿದು ಹೋದಾಗಲೆಲ್ಲ, "ನಾಳೆ ಅಣ್ಣಾ." ಕೊನೆಗೆ ತನ್ನ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದು ಬಂದ.

ಈಗಲೂ ಅದೇ ವಾರ್ಡಿನಲ್ಲಿ ಅವಳು ರೋಗಿಗಳ ನರವನ್ನು ಬೆರಳಲ್ಲೇ ಹುಡುಕುತ್ತಾಳೆ. ಭಾಗಾಕಾರ ಮಾತ್ರ ಹೇಳಿಕೊಟ್ಟಿಲ್ಲ.