ನಾನು ಒರೆಸಿಬಿಟ್ಟ ಕೆಂಪು ಗೆರೆ

ರುದ್ರಣ್ಣ, ಆ ಎಂಜಿನ್ ಬ್ಲಾಕಿನಲ್ಲಿ ಬಿರುಕಿತ್ತು — ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಆ ಕಾರಿನಲ್ಲಿ ಕೂರಿಸಿದೆ. ಎಂಟು ವರ್ಷವಾಯಿತು, ನಿನಗೆ ಹೇಳಿಲ್ಲ.

ಅಣ್ಣಿಗೇರಿಯ ನಮ್ಮ ಗ್ಯಾರೇಜಿನಲ್ಲಿ ಎಂಜಿನ್ ಕಟ್ಟುವವನು ನಾನು, ಓಡಿಸುವವನು ನೀನು. ನೇರ ರಸ್ತೆಯ ಡ್ರ್ಯಾಗ್ ರೇಸಿಗೆಂದು ಹಳೆಯ ಕಾರೊಂದಕ್ಕೆ, ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ದೊಡ್ಡ ಟರ್ಬೊ ಜೋಡಿಸಲು ಹೊರಟಿದ್ದೆವು. ಅಷ್ಟು ಒತ್ತಡ ತಡೆಯುವ ಬ್ಲಾಕ್ ಬೇಕಿತ್ತು. ನಾನು ಗುಜರಿಯಲ್ಲಿ ಹಗುರವಾದ ಅಲ್ಯೂಮಿನಿಯಂ ಬ್ಲಾಕ್ ಆರಿಸಿದ್ದೆ. ನೀನು ಹುಬ್ಬಳ್ಳಿಯಿಂದ ಬೀಡುಕಬ್ಬಿಣದ್ದನ್ನು ತಂದೆ.

"ತೂಕ ಐತಿ, ಖರೆ. ಆದ್ರ ಇದರ ಗ್ವಾಡಿ ಅಗದಿ ದಪ್ಪ ಅದಾವು. ಇದನ್ನಽ ಹಾಕೂಣು ತಮ್ಮಾ," ಅಂದಿದ್ದೆ ನೀನು.

ಹುಬ್ಬಳ್ಳಿ ಎಂದ ಕೂಡಲೇ ನನ್ನೊಳಗೆ ಏನೋ ಕುಟುಕಿತು. ಹಿಂದಿನ ವಾರವಷ್ಟೇ ಅಲ್ಲಿನ ಎದುರಾಳಿ ತಂಡದ ಮೆಕ್ಯಾನಿಕ್ ಜೊತೆ ನೀನು ಚಹಾ ಕುಡಿಯುವುದನ್ನು ನೋಡಿದ್ದೆ. ನನ್ನನ್ನು ಕಂಡು ಇಬ್ಬರೂ ಸುಮ್ಮನಾದಿರಿ — ಅಥವಾ ನನಗೆ ಹಾಗನ್ನಿಸಿತು. ಅಂದಿನಿಂದ ನೀನು ಫೋನ್ ಹಿಡಿದು ಹೊರಗೆ ಹೋದರೆ ಸಾಕು, ಬಾಗಿಲ ಹಿಂದೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಈ ಭಾರದ ಬ್ಲಾಕ್ ನಮ್ಮನ್ನು ಸೋಲಿಸಲು ಅವರೇ ಕಳಿಸಿದ್ದು... ಮುಂದಿನ ರೇಸಿಗೆ ಅವರ ಕಾರು ಓಡಿಸುವವನು ನೀನೇ... ಎಂದೆಲ್ಲ ಅಂದುಕೊಂಡೆ.

"ಎಂಜಿನ್ ವಿಚಾರ ನನಗ ಬಿಡು," ಎಂದುಬಿಟ್ಟೆ ನಾನು.

ನೀನಿಲ್ಲದಾಗ ನನ್ನ ಬ್ಲಾಕನ್ನು ತೊಳೆದು, ಬಿರುಕು ತೋರಿಸುವ ಬಣ್ಣ ಹಚ್ಚಿದೆ. ಎರಡು ಸಿಲಿಂಡರ್‌ಗಳ ನಡುವೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ನಿನಗೆ ತೋರಿಸಿದರೆ ನೀನು ತಂದದ್ದನ್ನೇ ಹಾಕಬೇಕಾಗುತ್ತಿತ್ತು — ಬಟ್ಟೆಯಿಂದ ಒರೆಸಿಬಿಟ್ಟೆ.

ಹೊಸ ಲೇಔಟಿನ ಖಾಲಿ ರಸ್ತೆಯಲ್ಲಿ ನೀನು ಮೊದಲ ಸಲ ಜೋರಾಗಿ ಓಡಿಸಿದಾಗ, ನಾನು ಜೋಡಿಸಿದ್ದ ಆ ಬ್ಲಾಕ್ ಒಡೆಯಿತು. ಎಣ್ಣೆ ಚಕ್ರದಡಿ ಹರಿದು, ಕಾರು ಗರ್ರನೆ ತಿರುಗಿ ಗಟಾರಕ್ಕೆ ಬಿತ್ತು. ನಿನ್ನ ಬಲಮೊಣಕೈ ಮುರಿಯಿತು. ಏನಾಯಿತೆಂದು ಜನ ಕೇಳಿದರು. ನಾನೆಂದೆ: "ಟರ್ಬೊ ಒತ್ತಡ ತಾನಽ ಏರಿಸ್ಯಾನ್ರಿ, ನನ್ನ ಮಾತು ಕೇಳಲಿಲ್ಲ."

ಆಸ್ಪತ್ರೆಯಲ್ಲಿ ನೀನು ಎಡಗೈಯಿಂದ ನನ್ನ ಕೈ ಹಿಡಿದುಕೊಂಡೆ. "ನಂದಽ ಏನೋ ತಪ್ಪಾಗಿರಬೇಕು ತಮ್ಮಾ. ನಿನ್ನ ಎಂಜಿನ್ ಹಾಳ ಮಾಡಿದೆ."

ಇರಲಿ ಬಿಡಣ್ಣ, ಎಂದೆ — ಕ್ಷಮಿಸಿದವನಂತೆ!

ಮೊನ್ನೆ ಆ ಮೆಕ್ಯಾನಿಕ್ ಸಿಕ್ಕಿದ್ದ. "ನಮ್ಮ ಹಂತೇಕ ಇದ್ದ ಗಟ್ಟಿ ಬ್ಲಾಕ್ ಕೊಡ್ರಿ ಅಂತ ರುದ್ರಣ್ಣ ಬಾಳ ಕೇಳ್ಕೊಂಡಿದ್ರು. ನಮ್ಮದು ಅಂತ ಗೊತ್ತಾದ್ರ ನೀವು ಒಲ್ಲೆ ಅಂತೀರಿ ಅಂತ, ನಿಮಗ ಹೇಳಬ್ಯಾಡ ಅಂದಿದ್ರು," ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಆದರೆ ಅಣ್ಣ, ಇದನ್ನು ಕೇಳುವ ಮೊದಲೂ ಆ ಬಿರುಕು ನನಗೆ ಗೊತ್ತೇ ಇತ್ತಲ್ಲ...

ನಿನ್ನ ಕೈ ಈಗಲೂ ಪೂರ್ತಿ ಮಡಚುವುದಿಲ್ಲ. ಊರವರು ಈಗಲೂ ನಿನ್ನನ್ನು ಹುಂಬ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಕುಬಿಹಾಳದ ನಿನ್ನ ಮನೆಗೆ ಬರುತ್ತೇನೆ, ನಿನ್ನ ಹೆಂಡತಿ, ನನ್ನ ವೈನಿಯ ಎದುರೇ ಎಲ್ಲ ಹೇಳುತ್ತೇನೆ. ಆಮೇಲೆ ಅಂದು ರಸ್ತೆಯಲ್ಲಿ ಕೇಳಿದ ಒಬ್ಬೊಬ್ಬರಿಗೂ. ನೀನು ಬಾಗಿಲು ತೆರೆಯದಿದ್ದರೆ, ಹೊರಗೆ ನಿಂತೇ ಹೇಳುತ್ತೇನೆ.