ತಂಪಾದ ಮೇಲೆ ಕಾಣುವ ಬಣ್ಣ

ಕಾಕಾರ ಕನ್ನಡಕದ ಒಂದು ಕಡ್ಡಿಗೆ ಕೆಂಪು ಟೇಪ್ ಸುತ್ತಿತ್ತು. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಬೆರಳಗಲದ ಒಂದು ನೀಲಿ ಚೀಟಿ. ನಮ್ಮದು ನಾಶಿಕದ ಹತ್ತಿರ, ಓಝರ್ ಕಡೆಯ ಸಣ್ಣ ಬೇರಿಂಗ್ ಕಾರ್ಖಾನೆ. ಬೀದರಿನ ಕಾಕಾ ಸ್ಟೋರಿನ ಹಿರಿಯರು, ನಾನು ತಪಾಸಣೆಗೆ ಹೊಸದಾಗಿ ಸೇರಿದವಳು. ನಾಶಿಕದಲ್ಲೇ ಬೆಳೆದ ನನ್ನ ಹರಕು ಕನ್ನಡಕ್ಕೆ ನಗುತ್ತಿದ್ದರು. ಮರಾಠಿಗೆ ತಿರುಗಿದರೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಎಂಥ ಹಟದ ಮನುಷ್ಯ!

ಚಹಾದ ಹೊತ್ತಿನಲ್ಲಿ ಚೀಟಿಯನ್ನು ಲೋಟದ ಹಬೆಗೆ ಹಿಡಿಯುವರು, ಗುಲಾಬಿಯಾಗುತ್ತಿತ್ತು. ಒಲೆಯ ಪಕ್ಕ ಇಡುವರು, ಮತ್ತೆ ನೀಲಿ. ಚೀಟಿಗೆ ಸವರಿದ ಉಪ್ಪು, ಗಾಳಿಯ ನೀರನ್ನು ಹಿಡಿಯುವುದೂ ಬಿಡುವುದೂ ಒಟ್ಟಿಗೇ ನಡೆದಿರುತ್ತವೆ. ತೇವ ಏರಿದರೆ ಹಿಡಿಯುವುದರ ಕೈ ಮೇಲು, ಕಾವು ಏರಿದರೆ ಬಿಡುವುದರದು. ದಿನಾ ಇದೇ ಪಾಠ. ನಾನು ಬಿ.ಎಸ್ಸಿ. ಓದಿದವಳು, ಗೊತ್ತದ ಬಿಡ್ರಿ ಕಾಕಾ ಎಂದು ಮುಖ ಸಿಂಡರಿಸುತ್ತಿದ್ದೆ.

ಗೊತ್ತಿದ್ದವಳು ಮಾಡಿದ್ದೇನು? ಒಂದು ಮಳೆಗಾಲದ ಸಂಜೆ, ಹನ್ನೆರಡು ಬೇರಿಂಗ್ ಪೆಟ್ಟಿಗೆಗಳನ್ನು ಒಣಗಿಸುವ ಕೋಣೆಯಲ್ಲಿ ಬಿಸಿ ಇರುವಾಗಲೇ ಮುಚ್ಚಿಸಿದೆ. ಪ್ರತಿ ಪೆಟ್ಟಿಗೆಯ ಗಾಜಿನ ಕಿಂಡಿಯೊಳಗೆ ಇರುವ ಅಂಥದೇ ಚೀಟಿ ನೀಲಿ ಕಂಡಿದ್ದೇ ತಡ, ಒಣಗಿದೆ ಎಂದು ಸಹಿ ಹಾಕಿದೆ. ತಂಪಾಗುವ ತನಕ ಕಾಯಬೇಕಿತ್ತು, ಬಸ್ಸು ತಪ್ಪುತ್ತದೆಂದು ಕಾಯಲಿಲ್ಲ. ಮರುದಿನ ಬಂದು ನೋಡಿದರೆ ಹನ್ನೆರಡು ಕಿಂಡಿಯಲ್ಲೂ ಗುಲಾಬಿ.

ನನ್ನ ಕೆಲಸ ಕಾಯಂ ಆಗಲು ಒಂದೇ ವಾರ ಬಾಕಿ. ಒಳಗೆ ತುಕ್ಕು ಹಿಡಿದಿದ್ದರೆ ಮನೆಯ ದಾರಿಯೇ ಗತಿ. ಹೀಟರಿನ ಬಳಿ ಇಟ್ಟರೆ ಬಣ್ಣ ನೀಲಿಗೆ ತಿರುಗುತ್ತದೆ, ಸಾಹೇಬರು ನೋಡಿ ಹೋದರೆ ಸಾಕು ಎಂದುಕೊಂಡು ಪೆಟ್ಟಿಗೆಗಳನ್ನು ಅತ್ತ ಸರಿಸತೊಡಗಿದೆ. ಕಾಕಾ ಬಂದವರೇ ಸ್ವಿಚ್ ಆರಿಸಿದರು.

“ನೀರು ಹೊಸದಾಗಿ ಬಂದಿಲ್ಲ ಬೇಟಾ, ನಿನ್ನೆನೂ ಒಳಗೇ ಇತ್ತು. ಬಿಸಿಗಿ ಉಪ್ಪು ಬಿಟ್ಟಿತ್ತು, ತಂಪಿಗಿ ಹಿಡಕೊಂಡದ. ಬಣ್ಣ ತಿರುಗಿಸಿದ್ರ ನೀರು ಎಲ್ಲಿಗಿ ಹೋಗ್ತದ?”

ಸಾಹೇಬರಿಗೆ ನಾನೇ ಹೇಳಬೇಕೆಂದರು, ಜೊತೆಗೂ ಬಂದರು. ಹೇಗೋ ಹೇಳಿದೆ. ಸಾಹೇಬರು ಒಂದೊಂದಾಗಿ ಎಲ್ಲ ಬಿಚ್ಚಿಸಿದರು. ಕೊನೆಯ ಪೆಟ್ಟಿಗೆ ಮುಗಿಯುವಾಗ ನಾಲ್ಕು ಗಂಟೆ. ಎಲ್ಲೂ ತುಕ್ಕಿನ ಒಂದು ಚುಕ್ಕೆಯೂ ಇಲ್ಲ! ಮತ್ತೆ ಒಣಗಿಸಿ, ತಂಪಾದ ಮೇಲೆ ನೋಡಿ ಸಹಿ ಹಾಕು ಎಂದಷ್ಟೇ ಹೇಳಿ ಹೋದರು. ಅಬ್ಬಾ, ಹೋದ ಜೀವ ಬಂದಂತಾಯಿತು. ಗೋಡೆಗೊರಗಿ ಅತ್ತುಬಿಟ್ಟೆ. ಕಾಕಾ ಏನೂ ಆಗಿಲ್ಲದವರ ಹಾಗೆ ಚಹಾಕ್ಕೆ ಹೋದರು. ಮುಂದಿನ ವಾರ ಕೆಲಸ ಕಾಯಂ ಆಯಿತು.

ನಿವೃತ್ತರಾಗಿ ಸಂಭಾಜಿನಗರದ ಮಗಳ ಮನೆ ಸೇರಿದ್ದ ಕಾಕಾ ಹೋದ ವರ್ಷ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ, ಕಾಕು, ನನ್ನ ಗುರುತು ಕೇಳಿ ಕೈ ಹಿಡಿದುಕೊಂಡರು. ಅವರಷ್ಟು ಧೈರ್ಯದವರನ್ನು ನಾ ನೋಡಿಲ್ಲರಿ ಎಂದೆ.

“ಎಲ್ಲಿಯ ಧೈರ್ಯ ಯವ್ವಾ! ಅವತ್ತು ನಿನ್ನ ಪೆಟ್ಟಿಗಿ ಬಿಚ್ಚಿಸಿದ ದಿನ ಕಟ್ಟಿ ಕೊಟ್ಟ ಡಬ್ಬಿ ಹಂಗೇ ವಾಪಸ್ ತಂದಿದ್ರು, ಅಂಜಿಕಿಗಿ ತುತ್ತು ಇಳೀಲಿಲ್ಲಂತ. ಹುಡುಗಿ ಉಳಕೊಂಡಳು ಅಂತ ಹೇಳಕೋತ, ಆ ಆರಿದ ರೊಟ್ಟಿನೇ ಬಾಗಿಲದಾಗ ನಿಂತು ತಿಂದ್ರು.”