ಆವಿಯಲ್ಲಿ ಬೆಂದ ಚೆಂಡು

ನರ್ಸಮ್ಮನ ಉಗುರು ಬೆಳೆದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಮಾಂಸದವರೆಗೆ ಕತ್ತರಿಸುತ್ತಿದ್ದರು. ಹೊತ್ತು ಹೊತ್ತಿಗೆ ಸಾಬೂನು ತಾಗಿ ಬೆರಳ ತುದಿಗಳು ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಸುಕ್ಕಾಗಿದ್ದವು. ನನ್ನ ಮೂರು ಮಕ್ಕಳನ್ನೂ ಮೊದಲು ಮುಟ್ಟಿದ್ದು ಆ ಬೆರಳುಗಳೇ.

ಪುತ್ತೂರಿನಲ್ಲಿ ನಮ್ಮ ಬಿಡಾರಕ್ಕೂ ಅವರದ್ದಕ್ಕೂ ನಡುವೆ ಒಂದೇ ಗೋಡೆ. ನಾನು ಕೆದಂಬಾಡಿ ಕಡೆಯಿಂದ ಮದುವೆಯಾಗಿ ಬಂದವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಮರದ ಮಿಲ್ಲಿನಲ್ಲಿದ್ದರು. ನರ್ಸಮ್ಮ ಕ್ರಿಶ್ಚಿಯನ್ನರು, ಒಬ್ಬರೇ. ಮದುವೆ ಏಕಾಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಇಷ್ಟು ಹೆರಿಗೆ ನೋಡಿದ ಮೇಲೆ ಯಾರಿಗೆ ಬೇಕು ಮಾರಾಯ್ತಿ?" ಎಂದಿದ್ದರು. ಅವರ ಕೊಂಕಣಿ ನನಗೆ ಬಾರದು, ನನ್ನ ಅರೆಭಾಷೆ ಅವರಿಗೆ ಬಾರದು. ನಮ್ಮ ಮಾತು, ಜಗಳ ಎಲ್ಲ ಕನ್ನಡದಲ್ಲೇ.

"ಮೊದಲು ಕೈ ತೊಳಿ, ಮತ್ತೆ ಕೂಗು." ಮಗು ಬಿದ್ದರೂ ಅವರಿಗೆ ಅದೇ ಮಾತು, ಮನುಷ್ಯ ಸತ್ತರೂ ಅದೇ ಮಾತು. ನನ್ನ ತಾಯಿ ತೀರಿದ ಸುದ್ದಿ ಬಂದಾಗಲೂ ಹಾಗೇ ಹೇಳಿದರು. ನನ್ನ ಕೈ ತುಂಬ ಅಕ್ಕಿಹಿಟ್ಟಿತ್ತು. ಕೋಪ ಬಂತು. ಆದರೂ ತೊಳೆದೆ.

ನಮ್ಮಲ್ಲಿ ಆಗ ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. "ಆಟಿ ತಿಂಗಳು, ಕಪ್ಪು ದನ ಕರು ಹಾಕಿದ ವಾರ" ಎಂದರೆ ಮುಗಿಯಿತು. ತಾರೀಕು ಗೊತ್ತಿದ್ದದ್ದು ನರ್ಸಮ್ಮನಿಗೆ. ಆ ದಿನ ಬಂದರೆ ದಾರಿಯಲ್ಲಿ ನಿಲ್ಲಿಸಿ ಮಗುವಿನ ಕೈಗೆ ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಮಾಡಿದ್ದು ಒಮ್ಮೆ ಮಾತ್ರ, ನನ್ನ ದೊಡ್ಡ ಮಗಳಿಗೆ ಹನ್ನೆರಡು ತುಂಬಿದಾಗ.

ಅವಳು ಶಾಲೆಯಲ್ಲಿ ತ್ರೋಬಾಲ್ ಆಡುತ್ತಿದ್ದಳು. ಅವರ ತಂಡಕ್ಕೆ ಮಂಗಳೂರಿನಲ್ಲಿ ಪಂದ್ಯ ಇತ್ತು, ಎರಡು ರಾತ್ರಿ ಅಲ್ಲೇ ಉಳಿಯಬೇಕು. ನಾನು ಬೇಡವೆಂದೆ. ನರ್ಸಮ್ಮ ಬಾವಿಕಟ್ಟೆಯಲ್ಲಿ ಹಿಡಿದರು.

"ಯಾಕೆ ಕಳಿಸುದಿಲ್ಲ?"

"ಹೆಣ್ಣುಮಕ್ಕಳಿಗೆ ಚೆಂಡು ಬಿಸಾಡಿ ಎಂತ ಆಗ್ಲಿಕ್ಕುಂಟು? ಈ ವರ್ಷಕ್ಕೆ ಶಾಲೆಯೂ ಸಾಕು. ಚಿಕ್ಕವನನ್ನು ನೋಡ್ಲಿಕ್ಕೆ ನನಗೆ ಜನ ಬೇಕು."

"ನಿನಗೆ ಜನ ಬೇಕು. ಅವಳಿಗೆ ಎಂತ ಬೇಕು ಅಂತ ಕೇಳಿದ್ಯಾ?"

"ನನ್ನನ್ನು ಯಾರು ಕೇಳಿದ್ದು?"

"ಯಾರೂ ಕೇಳ್ಲಿಲ್ಲ. ಅದು ಕಾಣ್ತದೆ."

ಎರಡು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಮೊಟ್ಟೆ, ಮೈದಾ, ಬೆಣ್ಣೆ, ಒಂದು ಬುಟ್ಟಿ ಹೊಳೆಮರಳು ಹಿಡಿದು ನನ್ನ ಅಡಿಗೆಮನೆಗೇ ಬಂದರು. "ಇವತ್ತು ಅವಳು ಹುಟ್ಟಿದ ದಿನ. ಅವಳ ತಂಡದ ಮಕ್ಕಳನ್ನೆಲ್ಲ ಕರೆದಿದ್ದೇನೆ. ಚೆಂಡಿನ ಕೇಕ್ ಮಾಡುವ. ನಿನ್ನ ದೊಡ್ಡ ಪಾತ್ರೆ ಬೇಕು." ಕೇಳಿದ್ದಲ್ಲ, ಹೇಳಿದ್ದು.

ಹಿಟ್ಟು ಕಲಸಿ, ಎರಡು ಕಂಚಿನ ಬಟ್ಟಲಿಗೆ ಅರ್ಧರ್ಧ ಹೊಯ್ದರು. ಬೆಂದ ಮೇಲೆ ಎರಡನ್ನೂ ಅಂಟಿಸಿದರೆ ಚೆಂಡು. ಅಷ್ಟರಲ್ಲಿ ಹೆರಿಗೆಗೆ ಕರೆ ಬಂತು. "ಪಾತ್ರೆಯೊಳಗೆ ಇಟ್ಟು ಬೇಯಿಸು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹಾಕು," ಎಂದು ಹೇಳುತ್ತಲೇ ಚೀಲ ಎತ್ತಿಕೊಂಡು ನಡೆದರು.

ಪಾತ್ರೆಯೊಳಗೆ ಬಟ್ಟಲಿಟ್ಟು ಬೇಯಿಸುವುದೆಂದರೆ ನಮಗೆ ಗೊತ್ತಿದ್ದದ್ದು ಒಂದೇ ಕ್ರಮ. ತಳಕ್ಕೆ ನೀರು ಹೊಯ್ಯಬೇಕು. ಕಡುಬಿಗೂ ಹಾಗೆ, ಹಲಸಿನೆಲೆಯಲ್ಲಿ ಬೇಯಿಸುವ ಕೊಟ್ಟಿಗೆಗೂ ಹಾಗೆ. ನೀರು ಹೊಯ್ದೆ. ಮರಳು ಪಾತ್ರೆ ತಿಕ್ಕಲಿಕ್ಕೆ ಇರಬೇಕೆಂದು ಇದ್ದಬದ್ದ ಪಾತ್ರೆಯನ್ನೆಲ್ಲ ತಿಕ್ಕಿದೆ.

ನರ್ಸಮ್ಮ ಮೂರು ಗಂಟೆಗೆ ಬಂದು ಮುಚ್ಚಳ ತೆಗೆದರು. ಒಳಗೆ ಬೆಳ್ಳಗಿನ ಎರಡು ಕಡುಬು.

"ಎಂತ ಇದು? ಮರಳು ಎಲ್ಲಿ?"

"ಪಾತ್ರೆ ತಿಕ್ಕಿದೆ."

ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನೀರಿನ ಬದಲು ಮರಳನ್ನು ಪಾತ್ರೆಯ ತಳಕ್ಕೆ ಹಾಕಬೇಕಿತ್ತಂತೆ. ನನಗೆ ನಾಚಿಕೆ. ಮಾತು ತಿರುಗಿಸಲು, "ಹೆತ್ತದ್ದು ಎಂತ?" ಎಂದೆ.

"ಹೆಣ್ಣು. ಅದರ ತಾಯಿಯೂ ಕೇಳಿದ ಕೂಡಲೇ ಮೋರೆ ಹೀಗೇ ಮಾಡಿದ್ಳು, ಈಗ ನೀನು ಮಾಡಿದ ಹಾಗೆ." ಮತ್ತೆ ಎದ್ದು ಕೈ ತೊಳೆದರು. "ಇರ್ಲಿ. ಶಾಲೆಯ ಚೆಂಡು ಸೆಗಣಿ ಬಣ್ಣ ಆಗಿದೆ. ಇದು ಹೊಸ ಚೆಂಡು."

ಬೆಲ್ಲದ ಪಾಕದಲ್ಲಿ ಎರಡು ಅರ್ಧ ಅಂಟಿಸಿ, ಅದೇ ಪಾಕದಿಂದ ಚೆಂಡಿನ ಹೊಲಿಗೆ ಎಳೆದರು. ದೊಡ್ಡ ಹರಿವಾಣದಲ್ಲಿ ಬೆಲ್ಲ ಹಾಕಿ ಕಾಯಿಸಿದ ತೆಂಗಿನತುರಿ ಹರವಿದರು. ನಮ್ಮ ಶಾಲೆಗಳ ಕೆಂಪು ಮಣ್ಣಿನ ಮೈದಾನವೇ ಅದು. ಎರಡು ಕಬ್ಬಿನ ತುಂಡು ನಟ್ಟು, ನಡುವೆ ನೂಲು ಕಟ್ಟಿ, ಅದಕ್ಕೆ ಒತ್ತುಶ್ಯಾವಿಗೆ ನೇತುಹಾಕಿದರು: ನೆಟ್ಟು. ಒಂದು ಕಡೆ ಏಳು ಹುರಿದ ಗೋಡಂಬಿ, ಇನ್ನೊಂದು ಕಡೆ ಏಳು ಹಸಿ ಗೋಡಂಬಿ: ಎರಡು ತಂಡ. ಮಕ್ಕಳ ಕೈಗೆ ಕೊಡಲು ಚೆಂಡಿನಂಥ ಅರಳುಂಡೆ. ಆಟಕ್ಕೆ ಇಷ್ಟು ಮರ್ಯಾದೆ ಉಂಟೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಆರು ಹುಡುಗಿಯರು ಬಂದರು. ಗೋಡಂಬಿ ನೋಡಿ ಕಿರುಚಾಡಿದರು. "ಈ ಸೊಟ್ಟಗಿನದ್ದು ನೀನು!" "ಹೋಗೇ, ಒಡೆದದ್ದು ನೀನು!" ನನ್ನ ಮಗಳು ನಗಲಿಲ್ಲ. ಕೈ ಹಾಕಿ ಹುರಿದ ಕಡೆಯಿಂದ ಒಂದು ಗೋಡಂಬಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ನಾನು ಅವ್ವಾ. ನೀನೇ ಇಟ್ಟುಕೊ."

ನರ್ಸಮ್ಮ ನನ್ನನ್ನು ನೋಡಲೇ ಇಲ್ಲ. ಚೂರಿ ಒರೆಸುತ್ತಾ ಇದ್ದರು. ಹರಿವಾಣದಲ್ಲಿ ಆರು ಒಂದು ಕಡೆ, ಏಳು ಒಂದು ಕಡೆ. ಮೂರನೇ ಕ್ಲಾಸು ಓದಿದವಳಿಗೂ ಗೊತ್ತಾಗುವ ಲೆಕ್ಕ. ನಾನು ಆ ಗೋಡಂಬಿಯನ್ನು ಅದರ ಜಾಗದಲ್ಲೇ ತಿರುಗಿ ಇಟ್ಟೆ.

"ಇನ್ನು ಕತ್ತರಿಸಿ," ಎಂದರು ನರ್ಸಮ್ಮ. "ಇರುವೆ ಬರ್ತದೆ."

ಅಷ್ಟೇ. ನನ್ನನ್ನು ಹೊಗಳಲಿಲ್ಲ, ಮುಂದೆಂದೂ ಆ ಮಾತೆತ್ತಲೂ ಇಲ್ಲ.

ಮಂಗಳೂರಿನಲ್ಲಿ ತಂಡ ಮೊದಲನೇ ಪಂದ್ಯದಲ್ಲೇ ಸೋತಿತು. ಮಗಳು ಮೂಗಿನ ಸಿಪ್ಪೆ ಸುಲಿದುಕೊಂಡು ಬಂದಳು. ಶಾಲೆ ಬಿಡಿಸುವ ಮಾತನ್ನು ನಾನು ಮತ್ತೆ ಆಡಲಿಲ್ಲ. ಚಿಕ್ಕವನನ್ನು ಸೊಂಟದಲ್ಲಿ ಹೊತ್ತುಕೊಂಡೇ ಒಲೆ ಊದಿದೆ. ಸಾಯಲಿಲ್ಲ.

ಮರು ವರ್ಷ ನರ್ಸಮ್ಮ ಕೆಲಸದಿಂದ ನಿವೃತ್ತರಾಗಿ ಕಡಬದ ಆಚೆ ಇಚಿಲಂಪಾಡಿಯ ತಮ್ಮನ ಮನೆಗೆ ಹೋದರು. ಪಕ್ಕದ ಬಿಡಾರಕ್ಕೆ ಬೇರೆಯವರು ಬಂದರು. ಒಳ್ಳೆಯವರೇ. ಆದರೆ ಗೋಡೆಯ ಆಚೆ ನೀರಿನ ಸದ್ದು ಕೇಳಿದರೆ ಇವತ್ತಿಗೂ ಕಿವಿ ಆ ಕಡೆ ಹೋಗುತ್ತದೆ. ಹೋಗಿ ನೋಡಬೇಕು, ಮಳೆ ಬಿಡಲಿ, ಚಿಕ್ಕವನ ಜ್ವರ ಇಳಿಯಲಿ ಎನ್ನುತ್ತಾ ವರ್ಷಗಳನ್ನು ಕಳೆದೆ. ದೂರವೇನಲ್ಲ. ನನ್ನ ಸೋಮಾರಿತನ.

ಮಗಳು ಎಸ್ಸೆಸ್ಸೆಲ್ಸಿ ಪಾಸಾದ ದಿನ ನಿಲ್ಲಲಾಗಲಿಲ್ಲ. ನನ್ನ ತವರಲ್ಲೂ ಗಂಡನ ಕಡೆಯಲ್ಲೂ ಅಷ್ಟು ಓದಿದ ಮೊದಲನೇ ಹೆಣ್ಣು ಅವಳು. ಮರುದಿನವೇ ಬಸ್ಸು ಹತ್ತಿ, ಇಳಿದು ನಡೆದು, ಕೇಳಿ ಕೇಳಿ ಮನೆ ಹುಡುಕಿದೆ. ಅವರ ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ನರ್ಸಮ್ಮ ಇದ್ದಾರಾ ಎಂದೆ.

"ಅತ್ತಿಗೆಯಾ? ಅವರು ತೀರಿಹೋಗಿ ಹದಿನೆಂಟು ದಿನ ಆಯ್ತು. ನೀವು ಯಾರು?"

ಏನು ಹೇಳುವುದು? ನೆಂಟಳಲ್ಲ, ಜಾತಿಯವಳಲ್ಲ.

"ನನ್ನ ಮಗಳ ಹೆರಿಗೆ ಅವರೇ ಮಾಡಿಸಿದ್ದು," ಎಂದೆ. "ಅವಳು ಪಾಸಾದ್ಳು. ಹೇಳಿ ಹೋಗುವ ಅಂತ ಬಂದೆ."

"ಹೌದಾ," ಎಂದಳು ಆಕೆ, ಕೆಟ್ಟ ಮನಸ್ಸಿನಿಂದೇನಲ್ಲ. "ಅವರು ಹೆರಿಗೆ ಮಾಡಿಸಿದ ಮಕ್ಕಳು ಊರಿಡೀ ಉಂಟು."

ಉಂಟು. ಮಕ್ಕಳು ಊರಿಡೀ ಉಂಟು. ನನಗೆ ನರ್ಸಮ್ಮ ಒಬ್ಬರೇ ಇದ್ದದ್ದು.